ತೋಪು ಯಾವ ಝೋನಿಗೆ ಬಂತು?

ಹೋದ ತಿಂಗಳು ಊರಿಗೆ ಹೋಗಿದ್ದೆ. ಚಪ್ಪಲಿ ಬಿಡುವ ಮುಂಚೆಯೇ ದೊಡ್ಡಪ್ಪ ಕೇಳಿದ್ದು ಒಂದೇ ಮಾತು. "ನಮ್ ತೋಪು ಯಾವ ಝೋನಿಗೆ ಬಂತಂತೆ ಕಣವ್ವಾ?"

ದೊಡ್ಡಪ್ಪನಿಗೆ ಎಪ್ಪತ್ತೆಂಟು ವರ್ಷ. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಝೋನು, ಯೆಲ್ಲೋ, ಗ್ರೀನ್ ಬೆಲ್ಟು, ಕನ್ವರ್ಷನ್ನು ಅನ್ನೋದೆಲ್ಲ ಈಗ ನಮ್ಮ ಕಡೆ ರಾಗಿ, ಅವರೆಕಾಯಿಯಷ್ಟೇ ಮಾಮೂಲಿ ಮಾತು. ದೊಡ್ಡಬಳ್ಳಾಪುರ, ದೇವನಹಳ್ಳಿ ಸುತ್ತ ಯಾವ ಟೀ ಅಂಗಡಿಯಲ್ಲಿ ಬೇಕಾದರೂ ಹತ್ತು ನಿಮಿಷ ಕೂತು ನೋಡಿ, ಒಬ್ಬರಾದರೂ "ನಿಮ್ದು ಯೆಲ್ಲೋದಲ್ಲಿ ಬಂತಾ?" ಅಂತ ಪಕ್ಕದವರನ್ನು ಕೇಳುತ್ತಾರೆ. ಮಹಾಯೋಜನೆಯ ನಕ್ಷೆಯಲ್ಲಿ ಯಾವ ನೆಲ ಯಾವ ಬಳಕೆಗೆ ಅಂತ ಬಣ್ಣ ಹಚ್ಚಿರುತ್ತಾರೆ, ಅದರಲ್ಲಿ ಹಳದಿ ಅಂದರೆ ವಸತಿ. ಹಳದಿ ಬಂದರೆ ಎಕರೆ ರೇಟು ಏರುತ್ತದೆ. ಹಸಿರು ಬಂದರೆ ಮುಖ ಸಣ್ಣದಾಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಮಗಳ ಮದುವೆಯೋ ಮಗನ ಓದೋ ಆ ರೇಟಿನ ಮೇಲೇ ನಿಂತಿರುತ್ತದೆ.

ತೋಪು ಮಾತ್ರ ಯಾರದ್ದೂ ಅಲ್ಲ. ಅದಕ್ಕೇ ಅದು ಯಾವ ಬಣ್ಣಕ್ಕೆ ಬಂತು ಅಂತ ಕೇಳೋಕೆ ಆಫೀಸಿಗೆ ಯಾರೂ ಹೋಗಿರಲಿಲ್ಲ. ನಾನು ಒಂದು ಸೋಮವಾರ ರಜೆ ಹಾಕಿ ಹೋದೆ.

ಯಾವ ಪ್ರಾಧಿಕಾರದ ಆಫೀಸು ಅಂತ ಬರೆಯುವುದಿಲ್ಲ, ಅಲ್ಲಿರುವವರು ಪಾಪ ಒಳ್ಳೆಯವರೇ. ಕರಡು ಮಹಾಯೋಜನೆಯ ನಕ್ಷೆಯನ್ನು ಫ್ಲೆಕ್ಸಿನಲ್ಲಿ ಪ್ರಿಂಟ್ ಹಾಕಿಸಿ, ಕಾರಿಡಾರಿನ ಕಿಟಕಿ ಸರಳಿಗೆ ಪ್ಲಾಸ್ಟಿಕ್ ದಾರದಿಂದ ಕಟ್ಟಿದ್ದರು. ಅದರ ಮುಂದೆ ಆಗಲೇ ಮೂರು ಜನ. ಒಬ್ಬರು ಸರ್ವೆ ನಂಬರುಗಳನ್ನು ಅಂಗೈ ಮೇಲೆ ಬಾಲ್ ಪೆನ್ನಿನಲ್ಲಿ ಬರೆದುಕೊಂಡು ಬಂದಿದ್ದರು. ನಮ್ಮ ಊರಿದ್ದ ಜಾಗದ ಮೇಲೆ ಟ್ಯೂಬ್‌ಲೈಟ್ ಬೆಳಕು ಬಿದ್ದು ಹೊಳೆಯುತ್ತಿತ್ತು. ತಲೆ ಓರೆ ಮಾಡಿ ನೋಡಿದೆ. ಕೆರೆ ಸಿಕ್ಕಿತು, ನೀಲಿ. ಕೆರೆ ಏರಿ ಹಿಡಿದು ಬೆರಳು ಸರಿಸಿದರೆ ಊರು, ಹಳದಿ. ಊರಿನ ಬಡಗಣ ಅಂಚಿನಲ್ಲಿ ತೋಪು ಇರಬೇಕಾದ ಕಡೆಯೂ ಹಳದಿಯೇ, ಅದರ ನಡುವೆ ಎರಡು ಗೆರೆ. 24 ಮೀಟರಿನ ಪ್ರಸ್ತಾವಿತ ರಸ್ತೆ.

ಒಳಗೆ ಹೋಗಿ ಕೇಳಿದೆ. ಇಲ್ಲಿ ಗುಂಡುತೋಪು ಇದೆ ಸಾರ್, ಸರ್ಕಾರಿ ಜಾಗ, ಪಹಣಿಯಲ್ಲೂ ಹಾಗೇ ಇದೆ, ಹಳದಿ ಹೇಗಾಯ್ತು? ಅವರು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದರು. ಆಮೇಲೆ, "ಮೇಡಂ, ತೋಪು ಅಂತ ಕೆಟಗರಿ ಇಲ್ಲ. ಪಾರ್ಕ್ ಇದೆ, ಅಗ್ರಿಕಲ್ಚರ್ ಇದೆ, ಫಾರೆಸ್ಟ್ ಇದೆ. ನೀವೇ ಹೇಳಿ, ಯಾವುದ್ರಲ್ಲಿ ಹಾಕ್ಲಿ?" ಅಂದರು.

ಕೊಂಕಾಗಿ ಕೇಳಿದ್ದಲ್ಲ. ನಿಜವಾಗಿಯೂ ಕೇಳಿದ್ದು. ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ.

ಗುಂಡುತೋಪು ನೋಡಿರದವರಿಗೆ ಸ್ವಲ್ಪ ಹೇಳಬೇಕು. ಹಳೇ ಮೈಸೂರು ಕಡೆ ಊರೂರಿಗೂ ಊರ ಹೊರಗೆ, ಸಾಮಾನ್ಯವಾಗಿ ದಾರಿ ಪಕ್ಕದಲ್ಲಿ, ಒಂದು ತೋಪು ಇರುತ್ತಿತ್ತು. ಮಾವು, ಹಲಸು, ನೇರಳೆ, ಹುಣಸೆ, ಹೊಂಗೆ, ಇಪ್ಪೆ. ಯಾರೋ ಪುಣ್ಯಾತ್ಮರು ನೆಟ್ಟ ಮರಗಳು, ತಾನಾಗಿ ಹುಟ್ಟಿದ ಕಾಡಲ್ಲ. ದಾರಿಹೋಕರಿಗೆ ನೆರಳು, ದನಕ್ಕೆ ಮಧ್ಯಾಹ್ನದ ಮಲಗುದಾಣ, ಕುರಿ ಮಂದೆಯವರಿಗೂ ಕೋಲೆಬಸವನವರಿಗೂ ಬಿಡಾರ. ಹುಣಸೆ, ಮಾವಿನ ಫಸಲನ್ನು ಹರಾಜು ಹಾಕಿ ಆ ದುಡ್ಡು ಊರಿಗೆ. ನಮ್ಮ ತೋಪಿನ ಹುಣಸೆ ಹರಾಜು ನಾನು ಚಿಕ್ಕವಳಿದ್ದಾಗ ಅರಳಿಕಟ್ಟೆ ಮೇಲೆ ನಡೆಯುತ್ತಿತ್ತು. ಹರಾಜು ಹಿಡಿದವರು ಕಾವಲಿಗೆ ಕೂರುವ ತನಕ ಮಕ್ಕಳೆಲ್ಲ ದೋರೆ ಹುಣಸೆ ಕದ್ದು, ಉಪ್ಪು ಹಚ್ಚಿ ತಿಂದು, ರಾತ್ರಿ ಹಲ್ಲು ಚಳುಕು ಅಂತ ಅಳುತ್ತಿದ್ದೆವು.

ಪಹಣಿ ಪ್ರಕಾರ ನಮ್ಮ ತೋಪು 3 ಎಕರೆ 12 ಗುಂಟೆ. ನೆಲದ ಮೇಲೆ ಈಗ ಎರಡು ಎಕರೆ ಇದ್ದರೆ ಹೆಚ್ಚು. ಯಾರು ನುಂಗಿದ್ದು ಅಂತ ಕೇಳಿದರೆ ಕಳ್ಳರ ಹೆಸರು ಸಿಗುವುದಿಲ್ಲ, ಅದೇ ತಮಾಷೆ. ಒಂದು ಮೂಲೆಗೆ ಹಾಲಿನ ಡೈರಿ ಬಂತು. ಇನ್ನೊಂದು ಕಡೆ ಅಂಗನವಾಡಿ. ಆಮೇಲೆ ಓವರ್‌ಹೆಡ್ ಟ್ಯಾಂಕು. ಸಮುದಾಯ ಭವನಕ್ಕೆ ಪಾಯ ತೆಗೆದು ನಿಲ್ಲಿಸಿದ್ದಾರೆ, ಕಬ್ಬಿಣದ ಸರಳು ಎದ್ದು ನಿಂತಿದೆ. ಒಂದೊಂದೂ ಊರಿಗೆ ಬೇಕಾದ್ದೇ, ಒಂದಕ್ಕೂ ಬೇಡ ಅನ್ನುವ ಹಾಗಿಲ್ಲ, ಮತ್ತು ಪ್ರತಿ ಸಲವೂ "ಬೇರೆ ಸರ್ಕಾರಿ ಜಾಗ ಎಲ್ಲಿದೆ?" ಅನ್ನೋ ಪ್ರಶ್ನೆಗೆ ಬಂದು ನಿಲ್ಲುವುದು ತೋಪಿನ ಹತ್ತಿರವೇ.

ಈಗ ನಕ್ಷೆಯ ವಿಷಯಕ್ಕೆ ಬರೋಣ. ನನಗೆ ಹೊಟ್ಟೆ ಉರಿಯುವುದು ಅಲ್ಲೇ.

ಬೆಂಗಳೂರು ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಅಂತ ಒಂದಿದೆ, ಬಿಎಂಆರ್‌ಡಿಎ. 1985ರ ಕಾಯ್ದೆಯಿಂದ ಹುಟ್ಟಿದ್ದು. ಬೆಂಗಳೂರು ನಗರ, ಗ್ರಾಮಾಂತರ, ರಾಮನಗರ ಮೂರೂ ಕಡೆ ಸೇರಿಸಿ ಸುಮಾರು 8,000 ಚದರ ಕಿಲೋಮೀಟರ್ ಅದರ ಕೈಗೆ. ಅದರ ಕೆಳಗೆ ಚಿಕ್ಕ ಚಿಕ್ಕ ಯೋಜನಾ ಪ್ರಾಧಿಕಾರಗಳು, ಒಂದೊಂದಕ್ಕೂ ಒಂದೊಂದು ಮಹಾಯೋಜನೆ. ಅಷ್ಟು ದೊಡ್ಡ ನೆಲವನ್ನು ಮೇಲಿನಿಂದ ನೋಡಿದಾಗ ಕಾಣುವುದು ಕಾಡು, ಕೆರೆ, ಹೆದ್ದಾರಿ, ಊರು. ಮೂರು ಎಕರೆ ತೋಪನ್ನು 1:50,000 ನಕ್ಷೆ ಮೇಲೆ ಬರೆದರೆ ಎರಡು ಮಿಲಿಮೀಟರ್ ಚಿಲ್ಲರೆ ಆಗುತ್ತದೆ. ಸಾಸಿವೆ ಕಾಳು. ಕಾಣದೇ ಹೋದರೆ ಆಶ್ಚರ್ಯವಿಲ್ಲ.

ಆದರೆ ನಮ್ಮ ಕಂದಾಯ ಇಲಾಖೆಯ ಹಳೇ ಗ್ರಾಮ ನಕ್ಷೆ ಎಂಟು ಇಂಚಿಗೆ ಒಂದು ಮೈಲಿ ಲೆಕ್ಕದ್ದು. ಅದರಲ್ಲಿ ಅದೇ ತೋಪು ಸುಮಾರು ಒಂದೂವರೆ ಸೆಂಟಿಮೀಟರ್. ಒಳ್ಳೇ ಹುಣಸೆ ಬೀಜದಷ್ಟು! ಕಣ್ಣಿಗೆ ಕಾಣುತ್ತದೆ, ನಂಬರೂ ಇದೆ. ಆ ನಕ್ಷೆಗೆ ಬಣ್ಣ ಇಲ್ಲ, ಆದರೆ ಹೆಸರುಗಳಿವೆ. ನೆಲದ ದಾಖಲೆಯಲ್ಲಿ ನಮ್ಮವರು ಎಷ್ಟು ಥರ ಬರೆದಿದ್ದಾರೆ ನೋಡಿ. ಗುಂಡುತೋಪು, ಗೋಮಾಳ, ಕೆರೆ ಅಂಗಳ, ಕುಂಟೆ, ಕಟ್ಟೆ, ರಾಜಕಾಲುವೆ, ಹಳ್ಳ, ಬಂಡಿದಾರಿ, ಸ್ಮಶಾನ, ಕಾವಲು, ದೇವರಕಾಡು. ಖರಾಬಿನಲ್ಲೇ ಎರಡು ಜಾತಿ, ಕೃಷಿಗೆ ಬಾರದ ನೆಲ ಎ ಖರಾಬು, ಊರಿನ ಬಳಕೆಗೆ ಬಿಟ್ಟಿದ್ದು ಬಿ ಖರಾಬು. ಗೋಮಾಳಕ್ಕಂತೂ ಲೆಕ್ಕ ಇದೆ, ನೂರು ದನಕ್ಕೆ 12 ಹೆಕ್ಟೇರ್ ಇರಬೇಕು ಅಂತ 1966ರ ಭೂಕಂದಾಯ ನಿಯಮಗಳೇ ಹೇಳುತ್ತವೆ. ಇಷ್ಟೆಲ್ಲ ಹೆಸರು ಹೋಗಿ ಮಹಾಯೋಜನೆಯ ಬಾಯಿಗೆ ಬಿದ್ದಾಗ ಆಗುವುದು "ಉದ್ಯಾನ ಮತ್ತು ಬಯಲು ಜಾಗ" ಅನ್ನೋ ಒಂದೇ ಹಸಿರು, ಇಲ್ಲ ಅಂದ್ರೆ ಏನೂ ಇಲ್ಲ. ಬೀಜಗಣಿತ ಗೊತ್ತಿದ್ದವನಿಗೆ ಮಗ್ಗಿ ಮರೆತ ಹಾಗೆ.

ನಾನು ಫೋನಿನಲ್ಲಿ ದಿಶಾಂಕ್ ಆ್ಯಪ್ ತೆಗೆದು ಅವರಿಗೇ ತೋರಿಸಿದೆ. ತೋಪಿನ ನಡುವೆ ನಿಂತು ಹಿಂದಿನ ದಿನ ತೆಗೆದ ಸ್ಕ್ರೀನ್‌ಶಾಟ್. ಸರ್ವೆ ನಂಬರ್ ಬಂದಿದೆ, ಸರ್ಕಾರಿ ಅಂತ ಬಂದಿದೆ. ಸರ್ಕಾರದ ಆ್ಯಪ್ಪೇ ಅದು. ಒಂದು ಇಲಾಖೆಗೆ ಗೊತ್ತಿರುವ ತೋಪು ಇನ್ನೊಂದು ಇಲಾಖೆಯ ಫ್ಲೆಕ್ಸಿಗೆ ಗೊತ್ತಿಲ್ಲ. "ಮೇಡಂ, ನಮಗೆ ಸ್ಯಾಟಲೈಟ್ ಇಮೇಜು, ಇರೋ ಬಳಕೆ ನೋಡಿ ಮಾಡಿದ್ದು, ಕಟ್ಟಡ ಕಂಡಿದೆ" ಅಂದರು. ಹೌದು, ಡೈರಿ, ಅಂಗನವಾಡಿ, ಟ್ಯಾಂಕು. ಕಟ್ಟಡ ಕಂಡಿದೆ.

ಪಾರ್ಕಿಗೆ ಹಾಕಿ ಅನ್ನಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು, ಹೇಳಲಿಲ್ಲ. ಬೇಲಿ ಹಾಕಿ, ಕಾಲುದಾರಿಗೆ ಪೇವರ್ ಹಾಸಿ, ಡುರಾಂಟಾ ಗಿಡ ಕತ್ತರಿಸಿ, ಬೆಳಿಗ್ಗೆ ಹತ್ತಕ್ಕೆ ಗೇಟಿಗೆ ಬೀಗ ಜಡಿಯುವ ಪಾರ್ಕು ನನ್ನ ಕಣ್ಣ ಮುಂದೆ ಬಂತು. ಮನೆಗೆ ಹೋಗಿ ದೊಡ್ಡಪ್ಪನಿಗೆ ಹೇಳಿದಾಗ ಅವರು ಕೇಳಿದ್ದು, "ಪಾರ್ಕಿನೊಳಕ್ಕೆ ದನ ಬಿಡ್ತಾರಾ?"

ಹಾಗಂತ ಪಾರ್ಕನ್ನು ಹಗುರವಾಗಿ ನೋಡುವುದೂ ಬೇಡ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯಲ್ಲಿ ಬಡಾವಣೆಯ ಕನಿಷ್ಠ ಶೇಕಡಾ 15 ಜಾಗ ಉದ್ಯಾನ, ಆಟದ ಮೈದಾನಕ್ಕೆ ಬಿಡಬೇಕು ಅಂತಿದೆ. ಹಾಗೆ ಬಿಟ್ಟದ್ದನ್ನು ಉಳಿಸಿದ್ದು ನಮ್ಮ ಬೆಂಗಳೂರಿನವರೇ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು, ಪಾರ್ಕಿಗೆ ಅಂತ ಮೀಸಲಿಟ್ಟದ್ದು ಪಾರ್ಕೇ, ಸರ್ಕಾರಕ್ಕೆ ಮನಸ್ಸು ಬಂದ ಹಾಗೆ ಬದಲಾಯಿಸುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಬಿ.ಎಸ್. ಮುದ್ದಪ್ಪ ಪ್ರಕರಣ ಅಂತ ಇವತ್ತಿಗೂ ದೇಶದ ಎಲ್ಲ ಕಡೆ ಹೇಳುತ್ತಾರೆ. ಆದರೆ ಆ ಗೆಲುವಿಗೂ ಕಾರಣ ಒಂದೇ, ಆ ಜಾಗ ನಕ್ಷೆಯಲ್ಲಿ ಪಾರ್ಕು ಅಂತ ಬರೆದಿತ್ತು. ಬರೆಯದೇ ಇದ್ದರೆ ಯಾವ ಆಧಾರ ಹಿಡಿದು ಕೋರ್ಟಿಗೆ ಹೋಗೋದು?

ನಕ್ಷೆಯಲ್ಲಿ ಬರೆದದ್ದೂ ಕುಗ್ಗುತ್ತದೆ, ಅದು ಬೇರೆ ಕಥೆ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತ ಪರಿಸರ ಸೂಕ್ಷ್ಮ ವಲಯ ಅಂತ 2016ರ ಕರಡಿನಲ್ಲಿ ಇದ್ದದ್ದು 268.96 ಚದರ ಕಿಲೋಮೀಟರ್. 2020ರಲ್ಲಿ ಅಂತಿಮವಾಗಿ ಬಂದದ್ದು 168.84. ನೂರು ಚದರ ಕಿಲೋಮೀಟರ್, ಒಂದು ಮರಕ್ಕೂ ಕೊಡಲಿ ಹಾಕದೆ ಹೋಯಿತು. ಕೆರೆಗಳದ್ದೂ ಅದೇ ಹಗ್ಗಜಗ್ಗಾಟ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆ ಸುತ್ತ 75 ಮೀಟರ್ ಬಿಡಿ ಅಂದಿತು, 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿ ಮಹಾಯೋಜನೆಯ 30 ಮೀಟರಿಗೇ ವಾಪಸ್ ತಂದಿತು. ಮಹಾಯೋಜನೆಯಲ್ಲಿ ಇಲ್ಲದ್ದನ್ನು ನ್ಯಾಯಮಂಡಳಿ ಸೇರಿಸುವಂತಿಲ್ಲ ಅನ್ನೋದು ಅದರ ಸಾರ. ಅಂದರೆ ಎಲ್ಲಾ ತಿರುಗಿ ಬಂದು ನಿಲ್ಲುವುದು ಆ ಕಾರಿಡಾರಿನ ಫ್ಲೆಕ್ಸಿನ ಹತ್ತಿರವೇ.

ಇನ್ನು ಹೆಸರುಘಟ್ಟದ ಹುಲ್ಲುಗಾವಲು. ಅದು ಕಾಡಿನ ಹಾಗೆ ಕಾಣುವುದಿಲ್ಲ, ಮರ ಕಡಿಮೆ, ಬೇಸಿಗೆಯಲ್ಲಿ ಹೋದರೆ ಬರೀ ಒಣ ಹುಲ್ಲು. ಐದು ಸಾವಿರ ಎಕರೆಗೂ ಮಿಕ್ಕಿದೆ. ಅದನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಳ್ಳಿಹಾಕಿತ್ತು. ಆಮೇಲೆ 2024ರಲ್ಲಿ ಅದೇ ಮಂಡಳಿ ಒಪ್ಪಿತು. ಮೂರು ವರ್ಷದಲ್ಲಿ ಹುಲ್ಲು ಬದಲಾಗಿರಲಿಲ್ಲ. ಪಕ್ಷಿ ನೋಡುವವರು, ಸುತ್ತಲ ಊರಿನವರು, ಕೋರ್ಟು ಅಂತ ಓಡಾಡಿದವರು ಬಿಡದೆ ಹಿಂದೆ ಬಿದ್ದಿದ್ದರು, ಅಷ್ಟೇ.

ತೋಪಿಗೆ ಹಾಗೆ ಹಿಂದೆ ಬೀಳುವವರು ಯಾರು? ಹುಲಿ ಇಲ್ಲ, ಆನೆ ಇಲ್ಲ. ಹಾಲಕ್ಕಿ ಇದೆ. ಮಂಗಟ್ಟೆ ಹಕ್ಕಿ ಒಂದು ಜೋಡಿ ಹಣ್ಣಿನ ಕಾಲದಲ್ಲಿ ಬರುತ್ತದೆ. ಬಾವಲಿಗಳಿವೆ, ಆದರೆ ಅವನ್ನು ಊರವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಾಡುಪಾಪ ಇದೆ.

ಎರಡು ವರ್ಷದ ಹಿಂದೆ, ಸಂಕ್ರಾಂತಿಗೆ ಊರಿಗೆ ಹೋದಾಗ ನೋಡಿದ್ದು. ಟಾರ್ಚಿಗೆ ಕೆಂಪು ಬೇಗಡೆ ಕಾಗದ ಸುತ್ತಿಕೊಂಡು ಹೋಗಿದ್ದೆ, ಬಿಳಿ ಬೆಳಕು ಅದರ ಕಣ್ಣಿಗೆ ಚುಚ್ಚುತ್ತದೆ ಅಂತ ಕೇಳಿದ್ದೆ. ಹೊಂಗೆ ಕೊಂಬೆಯ ಮೇಲೆ ಎರಡು ಕೆಂಡ ಹೊಳೆದವು. ಆಮೇಲೆ ಮೈ ಕಂಡಿತು, ಕಡ್ಡಿಯಂಥ ಕೈಕಾಲು, ಒಂದು ಹಿಡಿಯಷ್ಟು ಪ್ರಾಣಿ. ನಿಧಾನ ಅಂದರೆ ಎಷ್ಟು ನಿಧಾನ, ಒಂದು ಕೈ ಎತ್ತಿ ಮುಂದಿನ ರೆಂಬೆ ಮುಟ್ಟಿ, ಅದು ತಡೆಯುತ್ತದಾ ಅಂತ ನೋಡಿ, ಆಮೇಲೆ ಇನ್ನೊಂದು ಕೈ. ನೆಗೆಯಲೇ ಇಲ್ಲ. ಅದು ನೆಗೆಯುವ ಪ್ರಾಣಿಯೇ ಅಲ್ಲ. ಹೊಂಗೆಯಿಂದ ನೇರಳೆಗೆ, ನೇರಳೆಯಿಂದ ಹುಣಸೆಗೆ, ರೆಂಬೆಗೆ ರೆಂಬೆ ತಾಗಿದ್ದರೆ ಹೋಗುತ್ತದೆ. ತಾಗದಿದ್ದರೆ ನೆಲಕ್ಕಿಳಿಯಬೇಕು, ನೆಲದಲ್ಲಿ ನಾಯಿಗಳಿರುತ್ತವೆ. ತೋಪಿನ ಮರಗಳಿಂದ ಶುರುವಾಗಿ ನಮ್ಮ ಹೊಲದ ಬೇಲಿಯ ಹೊಂಗೆ ಸಾಲು ಹಿಡಿದು ಕೆರೆ ಏರಿಯ ತನಕ ಅದಕ್ಕೆ ಒಂದು ದಾರಿ ಇದೆ. ಫ್ಲೆಕ್ಸಿನ ಮೇಲೆ ಎಳೆದ 24 ಮೀಟರ್ ರಸ್ತೆ ಹೋಗುವುದು ಸರಿಯಾಗಿ ಆ ನಡುವೆಯೇ.

ಇದನ್ನು ಆಫೀಸಿನಲ್ಲಿ ಹೇಳಿದೆ. ಅವರು ನಕ್ಕರು. ಆಮೇಲೆ, "ಬರೆದು ಕೊಡಿ, ಮೇಡಂ" ಅಂದರು.

ಬರೆದು ಕೊಡಲು ಅವಕಾಶ ಇದೆ, ಇದನ್ನು ಓದುವವರು ದಯವಿಟ್ಟು ಗಮನಿಸಿ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಪ್ರಕಾರ ಕರಡು ಯೋಜನೆ ಪ್ರಕಟ ಆದಮೇಲೆ 60 ದಿನ ಜನರು ಲಿಖಿತವಾಗಿ ಅಭಿಪ್ರಾಯ, ಆಕ್ಷೇಪಣೆ ಕೊಡಬಹುದು. ನಮ್ಮ ಕಡೆ ಕೊಡುವವರು ಕೊಡುತ್ತಾರೆ, ಬಹುತೇಕ ಎಲ್ಲರದ್ದೂ ಒಂದೇ, ನನ್ನ ಸರ್ವೆ ನಂಬರು ಹಳದಿ ಮಾಡಿ. ನಾನು ಅವರನ್ನು ಬೈಯುವುದಿಲ್ಲ. ಎರಡು ಎಕರೆ ರಾಗಿ ಹೊಲ ಇಟ್ಟುಕೊಂಡವನ ಮೇಲೆ ಹಸಿರು ಬಳಿದು, "ನೀನು ಬೆಂಗಳೂರಿನ ಉಸಿರಾಟಕ್ಕೆ ಇದನ್ನು ಹೀಗೇ ಇಟ್ಟುಕೊ" ಅನ್ನೋದು, ಪಕ್ಕದಲ್ಲೇ ಸರ್ಕಾರದ ಕೈಯಲ್ಲಿರುವ ತೋಪಿನ ಮೇಲೆ ಹಳದಿ ಬಳಿದು ರಸ್ತೆ ಎಳೆಯೋದು, ಇದು ಯಾವ ನ್ಯಾಯ? ಪುಕ್ಕಟೆ ಸಿಗುವ ಹಸಿರು ತನ್ನ ಹತ್ತಿರವೇ ಇದೆಯಲ್ವಾ ಸರ್ಕಾರಕ್ಕೆ. ಮೊದಲು ಅದನ್ನು ಬರೆಯಲಿ, ಒಂದೊಂದು ಸರ್ವೆ ನಂಬರೂ ಬಿಡದೆ. ಆಮೇಲೆ ರೈತನ ಹೊಲಕ್ಕೆ ಬರಲಿ. ಊರಿನ ಸಾಮೂಹಿಕ ಜಾಗಗಳ ಒತ್ತುವರಿ ಬಿಡಿಸಿ ವಾಪಸ್ ಕೊಡಿ ಅಂತ ಸುಪ್ರೀಂ ಕೋರ್ಟು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದ್ದು 2011ರಲ್ಲಿ. ಎಷ್ಟು ವರ್ಷ ಆಯ್ತು ನೋಡಿ.

ಆಕ್ಷೇಪಣೆಗೆ ಏನೇನು ಜೋಡಿಸೋದು ಅಂತ ಯೋಚಿಸಿದೆ. ಪಹಣಿ ಸಿಕ್ಕಿತು. ಗ್ರಾಮ ನಕ್ಷೆ ಸಿಕ್ಕಿತು. ಸರ್ವೆ ನಂಬರಿನ ವಿಸ್ತೀರ್ಣ ಬರೆದಿರುವ ಆಕಾರಬಂದ್ ನಕಲಿಗೆ ಎರಡು ಸಲ ಅಲೆದೆ. ಮರಗಳ ವಿಷಯಕ್ಕೆ ಪಂಚಾಯ್ತಿಗೆ ಹೋದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಮರ, ಪ್ರಾಣಿ, ತಳಿ ಎಲ್ಲ ಬರೆದಿಟ್ಟ ದಾಖಲೆ ಪುಸ್ತಕ ಇರಬೇಕು. ನಮ್ಮಲ್ಲೂ ಇದೆ! ಬೀರುವಿನಿಂದ ತೆಗೆದು ಕೊಟ್ಟರು, ಸ್ಪೈರಲ್ ಬೈಂಡಿಂಗು, ದೂಳು ಕೂತಿತ್ತು. ತೆರೆದು ನೋಡಿದರೆ ಯಾವ ಊರಿಗೂ ಹೊಂದುವಂಥ ಪಟ್ಟಿ, ಬೇವು, ತುಳಸಿ, ಹಸು, ಎಮ್ಮೆ, ಕಾಗೆ, ನವಿಲು. ಗುಂಡುತೋಪು ಅನ್ನೋ ಪದ ಹುಡುಕಿದೆ, ಇಲ್ಲ. ಸಮಿತಿ ಸದಸ್ಯರ ಪಟ್ಟಿಯಲ್ಲಿ ನಮ್ಮ ಅತ್ತಿಗೆಯ ಹೆಸರಿತ್ತು. ಮನೆಗೆ ಬಂದು ಹೇಳಿದೆ, ಅವರಿಗೇ ಗೊತ್ತಿರಲಿಲ್ಲ. "ಅದ್ಯಾವಾಗ ಸೈನ್ ಹಾಕಿಸ್ಕೊಂಡ್ರೋ" ಅಂದರು. ಆಮೇಲೆ ಖುಷಿಯೂ ಆಯ್ತು ಅವರಿಗೆ, ಈಗ ಮೀಟಿಂಗ್ ಕರೆಯಿರಿ ಅಂತ ಪಂಚಾಯ್ತಿಗೆ ಫೋನ್ ಮೇಲೆ ಫೋನ್.

ಆ ಕಾಯ್ದೆಯಿಂದ ಕೆಲಸ ಆಗಲ್ಲ ಅಂತ ಅಲ್ಲ. ನಮ್ಮೂರಿನಿಂದ ಗಾಡಿಯಲ್ಲಿ ಹೋಗಿಬರುವಷ್ಟು ದೂರದಲ್ಲೇ ನಲ್ಲೂರು ಹುಣಸೆ ತೋಪು ಇದೆ, ದೇವನಹಳ್ಳಿ ತಾಲ್ಲೂಕು. 54 ಎಕರೆ, ಮುನ್ನೂರರ ಹತ್ತಿರ ಹುಣಸೆ ಮರ, 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆ ಆಗಿದ್ದು ಅದೇ. ಒಂದೊಂದು ಕಾಂಡ ಹಗ್ಗ ಹೊಸೆದ ಹಾಗಿದೆ. ಅಲ್ಲಿ ಹೋಗಿ ನಿಂತರೆ ನಮ್ಮ ತೋಪು ಕೂಸು ಅನ್ನಿಸುತ್ತದೆ. ಆದರೆ 54 ಎಕರೆಯ, ನೂರಾರು ವರ್ಷದ, ಹಳೇ ದೇವಸ್ಥಾನ ಇರುವ ತೋಪಿಗೆ ಬೋರ್ಡು ಸಿಗುತ್ತದೆ. ಮೂರು ಎಕರೆಗೆ? ಮರ ಸಂರಕ್ಷಣೆಯ 1976ರ ಕಾಯ್ದೆಯಲ್ಲೂ ಹಾಗೇ, 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಸಾರ್ವಜನಿಕ ನೋಟಿಸ್ ಕೊಟ್ಟು ಆಕ್ಷೇಪಣೆ ಕೇಳಬೇಕು. ನಮ್ಮ ತೋಪಿನಲ್ಲಿ ಅಷ್ಟು ಮರವೇ ಇಲ್ಲ.

ಎಷ್ಟಿವೆ ಅಂತ ಎಣಿಸಿದೆವು, ದೊಡ್ಡಪ್ಪ ನಾನು ಇಬ್ಬರೂ, ಒಂದು ಭಾನುವಾರ. ನನ್ನ ಹತ್ತಿರ ನೋಟ್‌ಬುಕ್ಕು, ಅಳತೆ ಟೇಪು. ಅವರ ಹತ್ತಿರ ಕೋಲು. ಪ್ರತಿ ಮರಕ್ಕೂ ಕೋಲಿನಿಂದ ಒಂದು ಏಟು, ಒಂದು ಹೆಸರು, ಒಂದು ಕಥೆ. ಇದು ಫಲಾನಿಯವರ ಅಜ್ಜ ನೆಟ್ಟ ಹಲಸು, ಇದಕ್ಕೆ ಸಿಡಿಲು ಹೊಡೆದಿತ್ತು, ಈ ನೇರಳೆ ಕೆಳಗೆ ಬರಗಾಲದಲ್ಲಿ ಗಂಜಿ ಹುಯ್ದಿದ್ದರು. ನಾನು ಸುತ್ತಳತೆ ಬರೆದುಕೊಳ್ಳುತ್ತಾ ಹೋದೆ. ಎರಡು ಗಂಟೆ ಹಿಡಿಯಿತು. ಕೊನೆಗೆ ನನ್ನ ಪುಸ್ತಕದಲ್ಲಿ 34, ಅವರ ಲೆಕ್ಕದಲ್ಲಿ 37.

ಕೂತು ತಾಳೆ ನೋಡಿದೆವು. ಎರಡು ವ್ಯತ್ಯಾಸ ಬೇಗ ಸಿಕ್ಕವು. ಟ್ಯಾಂಕಿನ ಹಿಂದೆ ಕಡಿದ ಮಾವಿನ ಎರಡು ಬುಡಗಳನ್ನೂ ಅವರು ಮರ ಅಂತಲೇ ಎಣಿಸಿದ್ದರು, "ಬೇರು ಬದುಕಿದೆ, ಚಿಗುರುತ್ತೆ ಬಿಡು" ಅಂತ. ಮೂರನೆಯದು ಒಂದು ಹಳೇ ಹುಣಸೆ. ಅದರ ಕವಲಿನಲ್ಲಿ ಯಾವುದೋ ಹಕ್ಕಿ ಉದುರಿಸಿದ ಬೀಜದಿಂದ ಅರಳಿ ಹುಟ್ಟಿ, ಬೇರು ಇಳಿಬಿಟ್ಟು ಹುಣಸೆಯನ್ನು ಪೂರ್ತಿ ತಬ್ಬಿಕೊಂಡಿದೆ. ನಾನು ಒಂದು ಅಂತ ಬರೆದಿದ್ದೆ. ಅವರು ಎರಡು ಅಂದರು. ಹುಣಸೆಯೂ ಇನ್ನೂ ಕಾಯಿ ಬಿಡುತ್ತದಂತೆ.

ಆಕ್ಷೇಪಣೆ ಕೊಟ್ಟಾಯ್ತು. ಸ್ವೀಕೃತಿಗೆ ಸೀಲು ಹಾಕಿ ಕೊಟ್ಟಿದ್ದಾರೆ. ಯಾವ ಕೆಟಗರಿ ಅನ್ನೋ ಕಡೆ "ಗುಂಡುತೋಪು" ಅಂತಲೇ ಬರೆದಿದ್ದೇನೆ, ಅವರ ಪಟ್ಟಿಯಲ್ಲಿ ಇಲ್ಲದಿದ್ದರೆ ಸೇರಿಸಿಕೊಳ್ಳಲಿ. ಮರಗಳ ಸಂಖ್ಯೆ 35 ಅಂತ ಹಾಕಿದೆ. ದೊಡ್ಡಪ್ಪ ಇನ್ನೂ ಒಪ್ಪಿಲ್ಲ.